ಸೆಲ್ವಿನ್ನನ ರೈಟು

ನಮ್ಮ ಕಂಡಕ್ಟರು ಬಾಗಿಲು ಬಡಿದು ಕೂಗುವ
ರೈಟ್ ರೈಟ್ ಅಲ್ಲ ಇದು.
ಇಂಗ್ಲೆಂಡಿನ ಟಾಡ್ಮರ್ಡನ್ನಿನಲ್ಲಿ, ಕಾಲುವೆಯ ಪಕ್ಕ,
ಮಸಿ ಹಿಡಿದ ಕಲ್ಲುಮನೆಗಳ ಸಾಲಿನಲ್ಲಿ
ಎದುರು ಸಿಕ್ಕವರು ‘ಆಲ್ ರೈಟ್?’ ಅನ್ನುತ್ತಾರೆ,
ಉತ್ತರಕ್ಕೆ ನಿಲ್ಲುವುದಿಲ್ಲ.
ಚಳಿ ಜೋರಾದರೆ ರೈಟ್ ಚಳಿ.
ಚಹಾ ಮುಗಿಸಿ, ಎರಡೂ ಮಂಡಿ ತಟ್ಟಿ
‘ರೈಟ್’ ಅಂದರೆ ಹೊರಟೆ ಎಂದು;
ಅಂದವರು ಇನ್ನರ್ಧ ಗಂಟೆ ಕೂತೇ ಇರುತ್ತಾರೆ,
ಅದೂ ಅಲ್ಲಿಯ ರೂಢಿ.

ನಾವು ಬಲ ಅನ್ನುವುದು, ಸರಿ ಅನ್ನುವುದು,
ಹಕ್ಕು ಅನ್ನುವುದು,
ಬಡಗಿ ಮೂಲೆಮಟ್ಟ ಇಟ್ಟು ಒಂದು ಕಣ್ಣು ಮುಚ್ಚಿ ನೋಡುವುದು,
ಎಲ್ಲ ಆ ಒಂದು ಪದದಲ್ಲಿ,
ಹಳೇ ಬಿಸ್ಕತ್ತಿನ ಡಬ್ಬಿಗೆ ಸುರಿದ ಮೊಳೆಗಳ ಹಾಗೆ.
ಕೈ ಹಾಕಿದರೆ ಬೇಕಾದದ್ದು ಸಿಗುತ್ತದೆ,
ಕೆಲವು ಸಲ ಚುಚ್ಚಿ.

ಸೆಲ್ವಿನ್ ಹೋಲ್ರಾಯ್ಡ್ ಬಡಗಿ.
ಎಪ್ಪತ್ತಾರನೆಯ ವಯಸ್ಸಿಗೆ, ಫೆಬ್ರವರಿಯ ಒಂದು ಮಂಗಳವಾರ,
ಬೂಟಿನ ದಾರ ಕಟ್ಟುತ್ತಾ ಪಕ್ಕಕ್ಕೆ ವಾಲಿದ.
ಬಲಗೈಯ ಬಲ ಹೋಯಿತು.
ಮಾತು ಹೋಯಿತು: ಮೇವಿಸ್ ಎಂಬ ಹೆಸರು,
ಉಳಿ, ಉಪ್ಪು, ಒಂದರಿಂದ ಹತ್ತು.
ಬೈಗುಳವೂ ಹೋಯಿತು,
ಹೆಂಡತಿಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.
ಉಳಿದದ್ದು ಒಂದು.

ವಾರಕ್ಕೊಮ್ಮೆ ಇಫೆಯೋಮಾ ಬರುತ್ತಾಳೆ,
ಮಾತು ಕಲಿಸುವವಳು, ಚಿತ್ರದ ಕಾರ್ಡುಗಳ ಚೀಲ ಹೊತ್ತು.
ಬಾಳೆಹಣ್ಣು ತೋರಿಸಿದರೆ: ರೈಟ್.
ಕುದುರೆ: ರೈಟ್.
ಗೋಡೆಯ ಮೇಲಿನ ಮದುವೆಯ ಫೋಟೋ:
ಬಹಳ ಹೊತ್ತು ನೋಡಿ, ಕೊನೆಗೆ, ರೈಟ್.
‘ಎರಡು ವರ್ಷ ಯೋಚಿಸಿ
ಅವತ್ತೂ ಇಷ್ಟೇ ಅಂದಿದ್ದ’ ಎಂದಳು ಮೇವಿಸ್.

ಐವತ್ತೊಂದು ವರ್ಷ ಕಿವಿಗೆ ಬಿದ್ದ ಪದವನ್ನು
ಅವಳು ಈಗ ಅಕ್ಷರಮಾಲೆಯಿಂದ ಕಲಿಯುತ್ತಿದ್ದಾಳೆ.
ದನಿ ಮೇಲಕ್ಕೆ ಹೋದರೆ ಬಚ್ಚಲು.
ಎರಡು ಸಲ ಒಟ್ಟಿಗೆ ಬಂದರೆ ಟೀವಿ ಸದ್ದು ಕಮ್ಮಿ ಮಾಡು.
ಮೂಗಿನಲ್ಲಿ ಬಂದರೆ ಸೂಪಿಗೆ ಉಪ್ಪಿಲ್ಲ.
ಗಂಟಲಲ್ಲೇ ಒಡೆದರೆ
ಅವಳು ಏನೂ ಮಾಡುವುದಿಲ್ಲ, ಪಕ್ಕದಲ್ಲಿ ಕೂರುತ್ತಾಳೆ.
ರಾತ್ರಿ ಎರಡಕ್ಕೆ, ಕತ್ತಲಿನಲ್ಲಿ, ಅನ್ನುವ ಒಂದಿದೆ.
ಅದು ಗೊತ್ತಾಗಿಲ್ಲ.
ಏನು ಅಂತ ಕೇಳಿದರೆ ಅದನ್ನೇ ಅನ್ನುತ್ತಾನೆ.

ಭತ್ಯೆಯ ಅರ್ಜಿಯ ತಲೆಯ ಮೇಲೆ ದಪ್ಪಕ್ಷರ: ನಿಮ್ಮ ರೈಟ್ಸ್.
ಹದಿನೆಂಟು ಪುಟ. ಎಡಗೈಯಲ್ಲಿ ಸಹಿ ಮಾಡಿದ.
ಸಹಿ ಹೊಂದುತ್ತಿಲ್ಲವೆಂದು ವಾಪಸು ಬಂತು.

ಮೇ ತಿಂಗಳು. ಉಗ್ರಾಣದ ಬಾಗಿಲು ತೇವಕ್ಕೆ ಉಬ್ಬಿ
ನೆಲಕ್ಕೆ ಕಚ್ಚಿಕೊಂಡಿತು.
ಸೆಲ್ವಿನ್ನನೇ ಮಾಡಿದ್ದ ಬಾಗಿಲು, ಮದುವೆಯಾದ ವರ್ಷ.
ಪಕ್ಕದ ಮನೆಯ ಝೀಶಾನ್, ಹದಿನೇಳು,
ಕಾಲೇಜಿನಲ್ಲಿ ಮರಗೆಲಸ ಕಲಿಯುತ್ತಾನೆ;
ಬಾಗಿಲು ಕಳಚಿದ, ಕೀಸುಳಿ ಹಾಕಿದ, ಇನ್ನೂ ಹಾಕಿದ,
ಅಡುಗೆಮನೆಯ ತುಂಬ ಸುರುಳಿ ಸುರುಳಿ ಹೊಟ್ಟು.
ಮತ್ತೆ ತಗುಲಿಸಿದ.
ಮೇಲೆ ಬೆಳಕು. ಕೆಳಗೆ
ಬೆಕ್ಕಿನ ಮರಿ ನುಸುಳುವಷ್ಟು ಬೆಳಕು.
‘ಸರಿಹೋಯ್ತಾ, ಮಿಸ್ಟರ್ ಹೋಲ್ರಾಯ್ಡ್?’

ಸೆಲ್ವಿನ್ ನೋಡಿದ.
ತಲೆ ಓರೆ ಮಾಡಿ ಇನ್ನೊಮ್ಮೆ ನೋಡಿದ.
‘ರೈ…ಟ್’ ಎಂದ,
ನಡುವೆ ಒಂದು ಗಾಡಿ ಹಾದುಹೋಗುವಷ್ಟು ಎಳೆದು.

ಆ ಪದಕ್ಕೆ ಅದರ ಉಲ್ಟಾ ಅರ್ಥವೂ ಇದೆ.
ಇದಕ್ಕೆ ಯಾರಿಗೂ ಕಾರ್ಡು ಬೇಕಾಗಲಿಲ್ಲ.
ಮೇವಿಸ್ ನಕ್ಕಳು, ಹನ್ನೊಂದು ವಾರದ ಮೇಲೆ,
ಸಿಂಕಿನ ಅಂಚು ಹಿಡಿದುಕೊಂಡು, ಉಸಿರು ಸಿಗದೆ.
ಹುಡುಗನೂ ನಕ್ಕ, ಕಿವಿ ಕೆಂಪಾಗಿ.
ಸೆಲ್ವಿನ್ ನಗಲಿಲ್ಲ.
ಎಡಗೈಯಿಂದ ಎಡ ಮಂಡಿ ತಟ್ಟಿ
‘ರೈಟ್’ ಎಂದು
ಹುಡುಗನ ಕಿವಿಯ ಮೇಲಿದ್ದ ಪೆನ್ಸಿಲ್ಲಿಗೆ ಕೈಚಾಚಿದ.